ಪ್ರಮಾಣಪತ್ರವಿಲ್ಲದ ಒಂದು ವರ್ಷ: ಅತಿಯಾ ಫೈಜಿ ಅವರ ಬದುಕು ಮತ್ತು ಬರಹ

ಭಾರತದ ಮುಸ್ಲಿಂ ಮಹಿಳೆಯರ ಶಿಕ್ಷಣದ ಇತಿಹಾಸವೆಂದರೆ ಬಂಗಾಳದ ಬೇಗಂ ರುಕೈಯಾ, ಭೋಪಾಲದ ಬೇಗಮರು, ಅಲೀಗಢದ ಶೇಖ್ ಅಬ್ದುಲ್ಲಾ ದಂಪತಿ ಮೊದಲು ನೆನಪಾಗುತ್ತಾರೆ. ಇವರೆಲ್ಲ ಶಾಲೆ ಕಟ್ಟಿದವರು. ಮುಂಬಯಿಯ ಅತಿಯಾ ಫೈಜಿ ಶಾಲೆ ಕಟ್ಟಲಿಲ್ಲ. ಶಿಕ್ಷಕಿಯಾಗಲು ಲಂಡನ್ನಿಗೆ ಹೋದ ಅವರು ಆ ಓದನ್ನೂ ಪೂರ್ತಿ ಮಾಡಲಿಲ್ಲ. ಆದರೆ ಅಲ್ಲಿದ್ದ ಒಂದು ವರ್ಷದ ಅನುಭವವನ್ನು ದಿನ ದಿನವೂ ಬರೆದು ಮನೆಗೆ ಕಳುಹಿಸಿದರು. ನೂರು ವರ್ಷ ಕಳೆದ ಮೇಲೂ ಆ ಬರಹವನ್ನು ಓದುವವರಿದ್ದಾರೆ. ಕಾಲೇಜಿಗೆ ಹೋದ ನಮ್ಮ ದೇಶದ ಮುಸ್ಲಿಂ ಹೆಣ್ಣುಮಗಳೊಬ್ಬಳು ತನ್ನ ವಿದ್ಯಾರ್ಥಿ ಜೀವನವನ್ನು ತಾನೇ ಬರೆದಿಟ್ಟ ಮೊದಮೊದಲ ದಾಖಲೆಗಳಲ್ಲಿ ಅದೂ ಒಂದು. ಹೀಗಾಗಿ ಅತಿಯಾ ಅವರ ಬದುಕನ್ನು ತಿಳಿಯುವುದೆಂದರೆ ಅವರ ಕಾಗದಪತ್ರಗಳ ಕಥೆಯನ್ನೂ ತಿಳಿಯುವುದು.

ಅಖ್ಬಾರ್ ಬರೆಯುವ ಮನೆ

ಅತಿಯಾ ಹುಟ್ಟಿದ್ದು 1877ರಲ್ಲಿ, ಇಸ್ತಾಂಬುಲ್ ನಗರದಲ್ಲಿ. ತಂದೆ ಹಸನಲಿ ಫೈಜ್ ಹೈದರ್ ಅಲ್ಲಿ ವ್ಯಾಪಾರ ನಡೆಸುತ್ತಿದ್ದರು. ಮುಂಬಯಿಯ ಹೆಸರಾಂತ ತಯ್ಯಬ್‌ಜಿ ಕುಟುಂಬದ ಒಂದು ಕವಲು ಇವರದು. ಸುಲೇಮಾನಿ ಬೊಹ್ರಾ ಪಂಗಡಕ್ಕೆ ಸೇರಿದ ಈ ಕುಟುಂಬದ ಬದ್ರುದ್ದೀನ್ ತಯ್ಯಬ್‌ಜಿ ಬ್ಯಾರಿಸ್ಟರ್ ಆಗಿ, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ ಹೆಸರು ಮಾಡಿದವರು. 1887ರಲ್ಲಿ ಮದ್ರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರೂ ಅವರೇ. 1874ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅಂಜುಮನ್-ಎ-ಇಸ್ಲಾಂ ಸಂಸ್ಥೆಯ ಸ್ಥಾಪಕರಲ್ಲಿ ಬದ್ರುದ್ದೀನ್ ಮತ್ತು ಅವರ ಅಣ್ಣ ಕಮ್ರುದ್ದೀನ್ ಇಬ್ಬರೂ ಇದ್ದರು. ಹೆಣ್ಣುಮಕ್ಕಳಿಗೂ ಓದು ಬೇಕು ಎಂಬ ಮಾತು ಆ ಮನೆಗಳಲ್ಲಿ ಬಹಳ ಬೇಗ ಬೇರೂರಿತ್ತು.

ಈ ಕುಟುಂಬದಲ್ಲಿ ಇನ್ನೊಂದು ಅಪರೂಪದ ಪದ್ಧತಿಯಿತ್ತು. ಪ್ರತಿ ಮನೆಯಲ್ಲೂ ಒಂದು ದಪ್ಪನೆಯ ಪುಸ್ತಕ ಇಡುತ್ತಿದ್ದರು. ಅದರ ಹೆಸರು ಅಖ್ಬಾರ್, ಅಂದರೆ ಸಮಾಚಾರದ ಪುಸ್ತಕ. ಮನೆಯ ಗಂಡಸರು, ಹೆಂಗಸರು, ಮಕ್ಕಳು, ಬಂದುಹೋಗುವ ನೆಂಟರು ಯಾರು ಬೇಕಾದರೂ ಅದರಲ್ಲಿ ಬರೆಯಬಹುದಿತ್ತು. ಯಾರ ಮದುವೆ ಆಯಿತು, ಯಾರಿಗೆ ಜ್ವರ ಬಂತು, ಯಾರು ಎಲ್ಲಿಗೆ ಪ್ರಯಾಣ ಹೋದರು, ಯಾವ ಪುಸ್ತಕ ಓದಿದರು ಎಂಬುದೆಲ್ಲ ಅದರಲ್ಲಿ ಸೇರುತ್ತಿತ್ತು. ಒಬ್ಬರು ಬರೆದದ್ದನ್ನು ಉಳಿದವರು ಓದುತ್ತಿದ್ದರು, ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ಕುಟುಂಬದ ಹಿರಿಯರು ಗುಜರಾತಿಯ ಬದಲು ಉರ್ದುವನ್ನು ಮನೆಮಾತಾಗಿ ಆರಿಸಿಕೊಂಡಿದ್ದರು. ಆ ಭಾಷೆಯನ್ನು ರೂಢಿಸಿಕೊಳ್ಳಲು ಈ ಪುಸ್ತಕಗಳು ನೆರವಾದವು.

ನಾಲ್ಕು ಜನ ಓದುತ್ತಾರೆ ಎಂಬ ಅರಿವಿನಿಂದ ದಿನಚರಿ ಬರೆಯುವ ಅಭ್ಯಾಸ ಅತಿಯಾ ಅವರಿಗೆ ಬಂದದ್ದು ಈ ವಾತಾವರಣದಲ್ಲಿ. ಗುಟ್ಟಾಗಿ ಬರೆದು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಡೈರಿ ಅದಲ್ಲ. ಮನೆಯವರ ಮುಂದೆ ತೆರೆದಿಡುವ ಬರಹ. ಮುಂದೆ ಲಂಡನ್ನಿನಿಂದ ಅವರು ಬರೆದದ್ದನ್ನು ಓದುವಾಗ ಈ ವಿಷಯವನ್ನು ನೆನಪಿಡಬೇಕು.

ಅತಿಯಾ ಅವರ ಅಕ್ಕಂದಿರಲ್ಲಿ ಇಬ್ಬರು ಪ್ರಸಿದ್ಧರು. ಜೊಹ್ರಾ ಬೇಗಂ ಮಹಿಳಾ ಶಿಕ್ಷಣದ ಕೆಲಸದಲ್ಲಿ ತೊಡಗಿದ್ದರು ಮತ್ತು ಉರ್ದು ಪತ್ರಿಕೆಗಳಿಗೆ ಬರೆಯುತ್ತಿದ್ದರು. ನಾಜ್ಲಿ ಬೇಗಂ ಜಂಜೀರಾ ಸಂಸ್ಥಾನದ ನವಾಬ ಸಿದಿ ಅಹ್ಮದ್ ಖಾನರನ್ನು ಮದುವೆಯಾಗಿದ್ದರು. ಕೊಂಕಣ ಕರಾವಳಿಯ ಮುರುಡ್ ಎದುರಿಗೆ, ಸಮುದ್ರದ ನಡುವೆ ನಿಂತಿರುವ ಜಂಜೀರಾ ಕೋಟೆಯನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಅಲ್ಲಿನ ಅರಸರು ನಮ್ಮ ಉತ್ತರ ಕನ್ನಡದ ಸಿದ್ದಿಗಳಂತೆ ಆಫ್ರಿಕಾ ಮೂಲದವರು. ಹೀಗೆ ವ್ಯಾಪಾರ, ವಕೀಲಿ ಮತ್ತು ಅರಮನೆ ಮೂರರ ಸಂಪರ್ಕವೂ ಈ ಸೋದರಿಯರಿಗೆ ಇತ್ತು. ಅತಿಯಾ ಅವರು ಹೋದಷ್ಟು ದೂರ ಹೋಗಲು ಅಂದಿನ ಸಾಮಾನ್ಯ ಮನೆಯ ಹುಡುಗಿಗೆ ಸಾಧ್ಯವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಲಂಡನ್ನಿನ ತರಬೇತಿ ಕಾಲೇಜು

ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅತಿಯಾ 1906ರಲ್ಲಿ ಇಂಗ್ಲೆಂಡಿಗೆ ಹೊರಟರು. ಆಗ ಅವರಿಗೆ 29 ವರ್ಷ. ಇನ್ನೂ ಮದುವೆಯಾಗಿರಲಿಲ್ಲ. ಅಂದಿನ ಕಾಲದಲ್ಲಿ ಇವೆರಡೂ ಜನರ ಬಾಯಿಗೆ ಬೀಳುವ ಸಂಗತಿಗಳೇ. ಸೂಯೆಜ್ ಕಾಲುವೆಯ ದಾರಿಯಲ್ಲಿ ಹಡಗು ಪ್ರಯಾಣ ಮುಗಿಸಿ ಅವರು ಸೇರಿದ್ದು ಲಂಡನ್ನಿನ ಮರಿಯಾ ಗ್ರೇ ತರಬೇತಿ ಕಾಲೇಜನ್ನು. 1878ರಲ್ಲಿ ಶುರುವಾದ ಈ ಕಾಲೇಜು ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆ ಶಿಕ್ಷಕಿಯರನ್ನು ತಯಾರು ಮಾಡುತ್ತಿತ್ತು. ಪಾಠ ಹೇಳುವುದಕ್ಕೂ ತರಬೇತಿ ಬೇಕು, ವಿಷಯ ಗೊತ್ತಿದ್ದ ಮಾತ್ರಕ್ಕೆ ಯಾರೂ ಶಿಕ್ಷಕರಾಗುವುದಿಲ್ಲ ಎಂಬುದು ಅಂದಿಗೆ ಹೊಸ ವಿಚಾರ.

ಅಲ್ಲಿಂದ ಅತಿಯಾ ಅವರು ಅಕ್ಕ ಜೊಹ್ರಾ ಅವರಿಗೆ ಉರ್ದುವಿನಲ್ಲಿ ಬರೆಯತೊಡಗಿದರು. ಕಾಲೇಜಿನ ದಿನ ಹೇಗೆ ಶುರುವಾಗುತ್ತದೆ, ತರಗತಿಯಲ್ಲಿ ಏನು ನಡೆಯುತ್ತದೆ, ಊಟ ಎಂಥದ್ದು, ಚಳಿ ಹೇಗಿದೆ, ಯಾವ ವಸ್ತುಸಂಗ್ರಹಾಲಯ ನೋಡಿದೆ, ಯಾವ ಉದ್ಯಾನಕ್ಕೆ ಹೋದೆ, ಯಾರ ಮನೆಗೆ ಚಹಾಕ್ಕೆ ಕರೆದರು ಎಂದು ವಿವರ ವಿವರವಾಗಿ ಬರೆದರು. ಇಂಗ್ಲಿಷ್ ಹೆಂಗಸರು ತಾವೇ ಹೊರಗೆ ಓಡಾಡಿ ಕೆಲಸ ಮಾಡುವುದನ್ನು ಮೆಚ್ಚಿದರು. ಹಾಗೆಂದು ಕಂಡದ್ದನ್ನೆಲ್ಲ ಹೊಗಳಲಿಲ್ಲ. ಉಡುಪಿನಲ್ಲೂ ಅವರದು ಸ್ವಂತ ದಾರಿ. ತಲೆ ಮುಚ್ಚಿಕೊಳ್ಳುತ್ತಿದ್ದರು, ಮುಖ ಮುಚ್ಚುತ್ತಿರಲಿಲ್ಲ. ಲಂಡನ್ನಿನಲ್ಲಿದ್ದರೂ ಮೇಮ್‌ಸಾಹೇಬರ ಗೌನು ತೊಡಲಿಲ್ಲ. ತಾನು ಯಾರೆಂಬುದನ್ನು ಮರೆಯದೆ ಹೊಸ ಊರಿನಲ್ಲಿ ಬಾಳುವುದು ಹೇಗೆ ಎಂಬುದು ಅವರಿಗೆ ದಿನವೂ ಎದುರಾಗುತ್ತಿದ್ದ ಪ್ರಶ್ನೆ. ಹಾಸ್ಟೆಲಿಗೆ ಬಂದು ಸೇರುವ ಪ್ರತಿ ಹುಡುಗಿಗೂ ಆ ಪ್ರಶ್ನೆ ಇಂದಿಗೂ ಎದುರಾಗುತ್ತದೆ.

ಜೊಹ್ರಾ ಆ ಬರಹಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲಿಲ್ಲ. ಪ್ರಕಟಣೆಗೆ ಸಿದ್ಧಪಡಿಸಿ ಲಾಹೋರಿನ ತಹಜೀಬ್-ಎ-ನಿಸ್ವಾನ್ ವಾರಪತ್ರಿಕೆಗೆ ಕಳುಹಿಸಿದರು. 1898ರಲ್ಲಿ ಮುಹಮ್ಮದಿ ಬೇಗಂ ಮತ್ತು ಅವರ ಪತಿ ಸೈಯದ್ ಮುಮ್ತಾಜ್ ಅಲಿ ಆರಂಭಿಸಿದ್ದ ಪತ್ರಿಕೆ ಅದು. ಮಹಿಳೆಯರಿಗಾಗಿಯೇ ಹೊರಡುತ್ತಿದ್ದ ಆ ಪತ್ರಿಕೆಗೆ ಮುಹಮ್ಮದಿ ಬೇಗಂ ಅವರೇ ಸಂಪಾದಕಿ. 1907ರಲ್ಲಿ ಅತಿಯಾ ಅವರ ದಿನಚರಿ ಅದರಲ್ಲಿ ಕಂತು ಕಂತಾಗಿ ಬಂತು. ಓದುತ್ತಿದ್ದವರಲ್ಲಿ ಹೆಚ್ಚಿನವರು ಪರ್ದಾದೊಳಗಿನ ಹೆಂಗಸರು. ಕಾಲೇಜಿನ ಮೆಟ್ಟಿಲು ಹತ್ತುವುದಿರಲಿ, ಊರಿನ ಪೇಟೆಯನ್ನೇ ಸರಿಯಾಗಿ ನೋಡದವರು ಅವರಲ್ಲಿ ಎಷ್ಟೋ ಮಂದಿ. ಅಂಥವರ ಅಂಗಳಕ್ಕೆ ಲಂಡನ್ನಿನ ತರಗತಿ ಬಂದು ಕೂತಿತು. ಸರ್ಕಾರ ವಿದ್ಯಾರ್ಥಿವೇತನ ಕೊಟ್ಟದ್ದು ಒಬ್ಬರಿಗೆ, ಅದರ ಪ್ರಯೋಜನ ಪಡೆದವರು ಅನೇಕರು.

ಓದು ಅರ್ಧಕ್ಕೆ ನಿಂತಿತು

ಆದರೆ ಅತಿಯಾ ಅವರ ತರಬೇತಿ ಕೊನೆ ಮುಟ್ಟಲಿಲ್ಲ. ಆರೋಗ್ಯ ಕೆಟ್ಟಿತು. ಸುಮಾರು ಒಂದು ವರ್ಷದ ನಂತರ, 1907ರಲ್ಲಿ, ಪ್ರಮಾಣಪತ್ರವಿಲ್ಲದೆ ಅವರು ಭಾರತಕ್ಕೆ ಹಿಂದಿರುಗಿದರು. ಸರ್ಕಾರದ ಹಣದಲ್ಲಿ ಹೋದವರು, ಪತ್ರಿಕೆಯಲ್ಲಿ ಹೆಸರಾದವರು, ಎಲ್ಲರ ಕಣ್ಣೂ ತಮ್ಮ ಮೇಲಿರುವಾಗ ಬರಿಗೈಯಲ್ಲಿ ಮರಳುವುದು ಸುಲಭವಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಅದು ಸೋಲೇ.

ಆ ದಿನಚರಿ 1921ರಲ್ಲಿ ಪುಸ್ತಕವಾಗಿ ಬಂತು. ಅದಕ್ಕಿಟ್ಟ ಹೆಸರು ಜಮಾನ-ಎ-ತಹಸೀಲ್. ತಹಸೀಲ್ ಎಂದೊಡನೆ ನಮಗೆ ತಹಸೀಲ್ದಾರರ ಕಚೇರಿ ನೆನಪಾಗುತ್ತದೆ. ಮೂಲದಲ್ಲಿ ಆ ಪದಕ್ಕೆ ಗಳಿಸುವುದು, ಸಂಗ್ರಹಿಸುವುದು ಎಂದು ಅರ್ಥ. ಕಂದಾಯ ಸಂಗ್ರಹಿಸುವವರು ತಹಸೀಲ್ದಾರರು. ವಿದ್ಯೆ ಗಳಿಸುವುದಕ್ಕೂ ಉರ್ದುವಿನಲ್ಲಿ ತಹಸೀಲ್ ಎನ್ನುತ್ತಾರೆ. ಹೀಗೆ ಪುಸ್ತಕದ ಹೆಸರಿನ ಅರ್ಥ ವಿದ್ಯೆ ಗಳಿಸಿದ ಕಾಲ ಎಂದಾಯಿತು. ಓದು ಮುಗಿಸದೆ ಬಂದವರು ಹದಿನಾಲ್ಕು ವರ್ಷಗಳ ನಂತರ ಆ ವರ್ಷವನ್ನು ಈ ಹೆಸರಿನಿಂದ ಕರೆದರು. ಗಳಿಕೆಯೆಂದರೆ ಪ್ರಮಾಣಪತ್ರ ಒಂದೇ ಅಲ್ಲ ಎಂದು ಹೇಳಲು ಅವರಿಗೆ ಬೇರೆ ಮಾತು ಬೇಕಾಗಲಿಲ್ಲ.

ಪ್ರಯಾಣ ಅಲ್ಲಿಗೆ ನಿಲ್ಲಲಿಲ್ಲ. 1908ರಲ್ಲಿ ನಾಜ್ಲಿ ಬೇಗಂ ಮತ್ತು ನವಾಬರೊಂದಿಗೆ ಅತಿಯಾ ಮತ್ತೆ ಯುರೋಪಿಗೆ ಹೋದರು. ಆ ಪ್ರವಾಸವನ್ನು ನಾಜ್ಲಿ ಅವರು ಸೈರ್-ಎ-ಯೂರೋಪ್ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಬರೆದಿಡುವ ಅಭ್ಯಾಸ ಇಡೀ ಮನೆಗೇ ಇತ್ತು ಎಂಬುದಕ್ಕೆ ಇದೂ ಸಾಕ್ಷಿ.

ಒಂದೇ ವರ್ಷ, ಎರಡು ದಾಖಲೆ

ಅತಿಯಾ ಲಂಡನ್ನಿನಲ್ಲಿದ್ದಾಗ ಅಲ್ಲಾಮಾ ಇಕ್ಬಾಲ್ ಕೂಡ ಯುರೋಪಿನಲ್ಲಿದ್ದರು. ಕೇಂಬ್ರಿಡ್ಜಿನಲ್ಲಿ ತತ್ತ್ವಶಾಸ್ತ್ರ ಓದುತ್ತ, ಪರ್ಷಿಯಾದ ತತ್ತ್ವಚಿಂತನೆ ಕುರಿತು ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಿದ್ಧಪಡಿಸುತ್ತಿದ್ದರು. 1907ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಇಬ್ಬರ ಪರಿಚಯವಾಯಿತು. ಆ ವರ್ಷ ಜರ್ಮನಿಯ ಹೈಡೆಲ್ಬರ್ಗ್‌ನಲ್ಲೂ ಭೇಟಿಯಾದರು. ತತ್ತ್ವಶಾಸ್ತ್ರ, ಪರ್ಷಿಯನ್ ಕಾವ್ಯ, ಹಾಫಿಜ್ ಕವಿ ಅವರ ಮಾತಿನ ವಿಷಯಗಳಾಗಿದ್ದವು. ಇಬ್ಬರೂ ಭಾರತಕ್ಕೆ ಮರಳಿದ ಮೇಲೂ ಇಕ್ಬಾಲ್ ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲಂಡನ್ ದಿನಚರಿಯಲ್ಲಿ ಇಕ್ಬಾಲ್ ಬಗ್ಗೆ ಬಹಳ ಕಡಿಮೆ ಇದೆ. ಆದರೆ ನಲವತ್ತು ವರ್ಷಗಳ ನಂತರ, 1947ರಲ್ಲಿ, ಅತಿಯಾ ಅವರು ಇಕ್ಬಾಲ್ ಕುರಿತೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ತಮಗೆ ಬಂದ ಪತ್ರಗಳನ್ನು ಅದರಲ್ಲಿ ಸೇರಿಸಿ, ಅದೇ 1907ರ ಭೇಟಿಗಳನ್ನು ವಿವರವಾಗಿ ಬರೆದರು. ಒಬ್ಬರೇ ಬರೆದವರು, ಅದೇ ವರ್ಷದ ಘಟನೆಗಳು. ಒಂದರಲ್ಲಿ ಹೆಚ್ಚುಕಡಿಮೆ ಮೌನ, ಇನ್ನೊಂದರಲ್ಲಿ ಪುಟಗಟ್ಟಲೆ ವಿವರ. ಹೀಗೇಕೆ?

ಉತ್ತರಕ್ಕಾಗಿ ಆ ಎರಡು ಬರಹಗಳನ್ನು ಯಾರಿಗಾಗಿ ಬರೆದರು ಎಂದು ಕೇಳಬೇಕು. ಮೊದಲನೆಯದು ಅಕ್ಕನ ಕೈ ದಾಟಿ, ಮರ್ಯಾದಸ್ಥ ಮನೆಗಳ ಹೆಂಗಸರು ಓದುವ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಮದುವೆಯಾಗದ ಹುಡುಗಿ ಪರದೇಶದಲ್ಲಿ ಪರಪುರುಷರೊಂದಿಗೆ ಕೂತು ಚರ್ಚೆ ಮಾಡಿದಳು ಎಂದು ಅಚ್ಚಾದರೆ, ಮಾತು ಅವಳೊಬ್ಬಳಿಗೇ ಬರುತ್ತಿರಲಿಲ್ಲ. ಅವಳ ಹಿಂದೆ ಓದಲು ಹೊರಡಬೇಕಾದ ಹುಡುಗಿಯರ ಬಾಗಿಲೂ ಮುಚ್ಚುತ್ತಿತ್ತು. ಎರಡನೆಯದನ್ನು ಬರೆಯುವಾಗ ಇಕ್ಬಾಲ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಅವರು ಮಹಾಕವಿ ಎಂದು ಎಲ್ಲರೂ ಒಪ್ಪಿದ್ದರು. ಅತಿಯಾ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಈಗ ಹೇಳಲು ಅಂಜಬೇಕಾಗಿರಲಿಲ್ಲ. ಆದರೆ ನಲವತ್ತು ವರ್ಷದ ನೆನಪು, ಅದೂ ಪ್ರಸಿದ್ಧರೊಬ್ಬರ ಕುರಿತ ನೆನಪು, ದಿನದಿನದ ಟಿಪ್ಪಣಿಯಷ್ಟು ಕರಾರುವಾಕ್ಕಾಗಿ ಇರಲಾರದು. ಆದ್ದರಿಂದ ಮೌನವನ್ನು ಸುಳ್ಳು ಎನ್ನಬೇಕಿಲ್ಲ, ವಿವರವನ್ನು ಪೂರ್ಣ ಸತ್ಯ ಎನ್ನಬೇಕಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದೇ ಸರಿಯಾದ ದಾರಿ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠ.

ವಿದ್ವಾಂಸ ಮೌಲಾನಾ ಶಿಬ್ಲಿ ನೊಮಾನಿ ಕೂಡ ಈ ಸೋದರಿಯರ ಪರಿಚಿತರು. ಅತಿಯಾ ಮತ್ತು ಜೊಹ್ರಾ ಅವರಿಗೆ ಶಿಬ್ಲಿ ಬರೆದ ಪತ್ರಗಳು 1920ರ ದಶಕದಲ್ಲಿ ಪುಸ್ತಕವಾಗಿ ಬಂದವು. ಹೀಗೆ ಶಿಬ್ಲಿ ಅವರ ಪತ್ರಗಳು ಉಳಿದವು, ಇಕ್ಬಾಲ್ ಅವರ ಪತ್ರಗಳೂ ಉಳಿದವು. ಎರಡೂ ಪುಸ್ತಕಗಳಲ್ಲಿ ನಾವು ಕೇಳುವುದು ಪತ್ರ ಬರೆದ ಗಂಡಸರ ದನಿಯನ್ನು. ಅತಿಯಾ ಅವರು ಪತ್ರ ತಲುಪಬೇಕಾದ ವಿಳಾಸವಾಗಿ ಮಾತ್ರ ಕಾಣುತ್ತಾರೆ. ಅವರು ಕೊಟ್ಟ ಉತ್ತರವೇನು ಎಂಬುದನ್ನು ಬಂದ ಪತ್ರಗಳಿಂದಲೇ ಊಹಿಸಬೇಕು. ಹಾಗಾಗಿಯೇ ಅವರದೇ ಕೈಬರಹದಿಂದ ಬಂದ ಲಂಡನ್ ದಿನಚರಿಗೆ ಬೆಲೆ ಹೆಚ್ಚು. ಅದು ಇಲ್ಲದಿದ್ದರೆ ಅತಿಯಾ ಫೈಜಿ ಇಬ್ಬರು ಮಹನೀಯರ ಜೀವನಚರಿತ್ರೆಯ ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತಿದ್ದರು.

ಸಂಗೀತ, ಚಿತ್ರ, ವೇದಿಕೆ

1912ರಲ್ಲಿ ಅತಿಯಾ ಚಿತ್ರಕಲಾವಿದ ಸ್ಯಾಮ್ಯುಯೆಲ್ ರಹಮೀನ್ ಅವರನ್ನು ಮದುವೆಯಾದರು. ರಹಮೀನ್ ಹುಟ್ಟಿನಿಂದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದವರು, ಮದುವೆಗಾಗಿ ಇಸ್ಲಾಂ ಸ್ವೀಕರಿಸಿದರು. ಇಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಸೇರಿಸಿಕೊಂಡು ಫೈಜಿ ರಹಮೀನ್ ಎಂದು ಕರೆದುಕೊಂಡರು. ಹೆಂಡತಿ ಮಾತ್ರ ಹೆಸರು ಬದಲಿಸಿಕೊಳ್ಳುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ರಹಮೀನ್ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತವರು. ಹೊಸದಿಲ್ಲಿಯ ಸೆಕ್ರೆಟರಿಯೇಟ್ ಕಟ್ಟಡದ ಭಿತ್ತಿಚಿತ್ರಗಳಲ್ಲಿ ಅವರ ಕೆಲಸವಿದೆ.

ಅತಿಯಾ ಅವರ ಆಸಕ್ತಿ ಸಂಗೀತದತ್ತ ತಿರುಗಿತು. 1914ರಲ್ಲಿ ಭಾರತೀಯ ಸಂಗೀತ ಕುರಿತು ಅವರ ಇಂಗ್ಲಿಷ್ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ಮುಂದೆ ವಿಸ್ತರಿಸಿದರು. ಗೌರವಸ್ಥ ಮನೆಯ ಹೆಣ್ಣುಮಗಳು ಹಾಡುವುದನ್ನೇ ಜನ ಒಪ್ಪದಿದ್ದ ದಿನಗಳಲ್ಲಿ ಅವರು ರಾಗಗಳ ಬಗ್ಗೆ ಶಾಸ್ತ್ರೀಯವಾಗಿ ಬರೆದರು, ಉಪನ್ಯಾಸ ಕೊಟ್ಟರು. ಗಂಡನ ಚಿತ್ರ, ಹೆಂಡತಿಯ ಸಂಗೀತ ಎರಡೂ ಒಟ್ಟಾಗಿ ಯುರೋಪಿನ ವೇದಿಕೆಗಳನ್ನು ಮುಟ್ಟಿದವು.

1920ರ ದಶಕದ ನಡುವೆ ಅಲೀಗಢದಲ್ಲಿ ನಡೆದ ಶಿಕ್ಷಣ ಸಮ್ಮೇಳನವೊಂದರಲ್ಲಿ ಅತಿಯಾ ಪರದೆಯ ಹಿಂದೆ ಉಳಿಯದೆ ಸಭೆಯ ಮುಂದೆ ಬಂದು ಮಾತನಾಡಿದರು. ಅಲ್ಲಾಹನ ಈ ಭೂಮಿಯ ಮೇಲೆ ಗಂಡಸರಂತೆ ಹೆಂಗಸರಿಗೂ ಓಡಾಡುವ ಹಕ್ಕಿದೆ ಎಂಬುದು ಅವರ ಮಾತಿನ ಸಾರ. ಧರ್ಮವನ್ನು ಬಿಟ್ಟು ಅವರು ವಾದ ಮಾಡಲಿಲ್ಲ, ಧರ್ಮದ ಒಳಗೇ ನಿಂತು ಕೇಳಿದರು.

ಕರಾಚಿಯ ಕೊನೆಯ ದಿನಗಳು

ದೇಶ ವಿಭಜನೆಯಾದ ಮೇಲೆ, 1948ರಲ್ಲಿ, ಜಿನ್ನಾ ಅವರ ಆಹ್ವಾನದ ಮೇರೆಗೆ ದಂಪತಿ ಕರಾಚಿಗೆ ಹೋದರು. ನಾಜ್ಲಿ ಬೇಗಂ ಕೂಡ ಜೊತೆಯಲ್ಲಿದ್ದರು. ಮುಂಬಯಿಯಲ್ಲಿದ್ದ ತಮ್ಮ ಮನೆಯ ಹೆಸರನ್ನೇ ಇಟ್ಟು, ಐವಾನ್-ಎ-ರಿಫಅತ್ ಎಂಬ ಮನೆಯನ್ನು ಅಲ್ಲಿ ಕಟ್ಟಿಸಿದರು. ಚಿತ್ರಗಳು, ಅಪರೂಪದ ವಸ್ತುಗಳು, ಸಂಗೀತ, ಸಾಹಿತ್ಯದ ಬೈಠಕ್‌ಗಳು ಎಲ್ಲಕ್ಕೂ ಆ ಮನೆ ನೆಲೆಯಾಗಲಿ ಎಂಬುದು ಅವರ ಆಸೆ. ಆದರೆ ಅದೇ ವರ್ಷ ಜಿನ್ನಾ ತೀರಿಕೊಂಡರು. ಮುಂದೆ ಅಧಿಕಾರಿಗಳು ಅವರನ್ನು ಆ ಮನೆಯಿಂದ ಹೊರಹಾಕಿದರು. ಇಳಿವಯಸ್ಸಿನಲ್ಲಿ ಬಡತನ ಕಾಡಿತು. 1964ರಲ್ಲಿ ರಹಮೀನ್, 1967ರ ಜನವರಿಯಲ್ಲಿ ಅತಿಯಾ ಕೊನೆಯುಸಿರೆಳೆದರು. ಇಸ್ತಾಂಬುಲ್‌ನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಲಂಡನ್ನಿನಲ್ಲಿ ಓದಿದವರು ತಾವೇ ಕಟ್ಟಿದ ಮನೆಯ ಹೊರಗೆ ಕಣ್ಣು ಮುಚ್ಚಿದರು.

ಉಳಿದದ್ದು ಏನು?

ಮನೆ ಕೈತಪ್ಪಿತು. ಪ್ರಮಾಣಪತ್ರವಂತೂ ಮೊದಲೇ ಇರಲಿಲ್ಲ. ಉಳಿದದ್ದು ಕಾಗದ. 2010ರಲ್ಲಿ ಸಿಯೋಬಾನ್ ಲ್ಯಾಂಬರ್ಟ್-ಹರ್ಲಿ ಮತ್ತು ಸುನಿಲ್ ಶರ್ಮಾ ಎಂಬ ಇಬ್ಬರು ವಿದ್ವಾಂಸರು ಜಮಾನ-ಎ-ತಹಸೀಲ್ ದಿನಚರಿಯನ್ನು ಇಂಗ್ಲಿಷಿಗೆ ತಂದು, ದೀರ್ಘ ಅಧ್ಯಯನದೊಂದಿಗೆ ಪ್ರಕಟಿಸಿದರು. ಹಾಗಾಗಿ ಉರ್ದು ಬಾರದವರಿಗೂ ಅದು ಈಗ ಸಿಗುತ್ತದೆ.

ಈ ಕಾಗದಗಳು ಹೇಗೆ ಉಳಿದವು ಎಂದು ಯೋಚಿಸಿದರೆ ಮೂರು ಕಾರಣಗಳು ಕಾಣುತ್ತವೆ. ಬರೆಯುವ ಅಭ್ಯಾಸವನ್ನು ಮನೆ ಕಲಿಸಿತ್ತು. ಬರೆದದ್ದನ್ನು ಜೋಪಾನ ಮಾಡಿ ಅಚ್ಚಿಗೆ ಕೊಡಲು ಅಕ್ಕ ಇದ್ದರು. ಅಚ್ಚು ಹಾಕಲು ಮಹಿಳೆಯೊಬ್ಬರು ಸಂಪಾದಿಸುತ್ತಿದ್ದ ಪತ್ರಿಕೆ ಇತ್ತು. ಈ ಮೂರರಲ್ಲಿ ಒಂದು ತಪ್ಪಿದ್ದರೂ 1906ರ ಲಂಡನ್ನಿನ ಆ ವಿದ್ಯಾರ್ಥಿನಿಯ ಮಾತು ನಮ್ಮವರೆಗೆ ಬರುತ್ತಿರಲಿಲ್ಲ. ಅತಿಯಾ ಎಂದರೆ ಕೊಡುಗೆ ಎಂದರ್ಥ. ಆ ಕೊಡುಗೆಯಲ್ಲಿ ಜೊಹ್ರಾ ಬೇಗಂ ಅವರ ಪಾಲೂ, ಮುಹಮ್ಮದಿ ಬೇಗಂ ಅವರ ಪಾಲೂ ಇದೆ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಕಾಲೇಜಿಗೆ ಬರುವವರಲ್ಲಿ ಮನೆಯಲ್ಲೇ ಮೊದಲ ಬಾರಿಗೆ ಕಾಲೇಜು ಕಂಡವರು ಇದ್ದಾರೆ. ನಿಮ್ಮ ಅಮ್ಮಿಗೆ, ದಾದಿಗೆ, ಓದು ಬಿಟ್ಟ ಅಕ್ಕನಿಗೆ ಈ ತರಗತಿ ಹೇಗಿರುತ್ತದೆ ಎಂದು ತಿಳಿಯುವುದು ನಿಮ್ಮ ಮಾತಿನಿಂದಲೇ. ಅಂಕಪಟ್ಟಿ ಮುಖ್ಯವೇ, ಅದನ್ನು ಕಡೆಗಣಿಸಬೇಡಿ. ಆದರೆ ಅಂಕಪಟ್ಟಿಯಲ್ಲಿ ಬರೆಯದ ವಿಷಯಗಳು ಎಷ್ಟೋ ಇವೆ. ಯಾವ ಪಾಠ ಮೊದಲು ಅರ್ಥವಾಗದೆ ಆಮೇಲೆ ಹಿಡಿಸಿತು, ಯಾವ ಗೆಳತಿ ನೋಟ್ಸ್ ಕೊಟ್ಟಳು, ಮಳೆಗಾಲದಲ್ಲಿ ಬಸ್ಸು ತಪ್ಪಿದಾಗ ಏನಾಯಿತು ಎಂಬುದನ್ನು ತಾರೀಕು ಹಾಕಿ, ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ, ದಿನಕ್ಕೆ ನಾಲ್ಕು ಸಾಲಿನಂತೆ ಬರೆದಿಡಿ. ಬರೆದದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ. ತಂಗಿಯೋ ತಮ್ಮನೋ ಬರೆದದ್ದು ಕೈಗೆ ಸಿಕ್ಕರೆ ರದ್ದಿಗೆ ಹಾಕದೆ ಜೋಪಾನ ಮಾಡಿ. ಅತಿಯಾ ಫೈಜಿ ಅವರ ವಿದ್ಯಾರ್ಥಿ ಜೀವನ ನಮಗೆ ದಕ್ಕಿದ್ದು ಇಷ್ಟೇ ಸರಳವಾದ ಕೆಲಸದಿಂದ.